ಜೆರಾಕ್ಸ್ ಹಾಳೆಗೂ ಕಪಾಟು ಬೇಕು

ವಿದೇಶ ಸುತ್ತಿ ಬಂದ ಸಾಹಿತಿಗಳು ಅಲ್ಲಿನ ಗ್ರಂಥಾಲಯಗಳ ಕಟ್ಟಡವನ್ನು ಹೊಗಳುತ್ತಾರೆ. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು 'ಝೀನ್'ಗಳ ಕಪಾಟು. ಬರೆದವರೇ ಜೆರಾಕ್ಸ್ ಮಾಡಿ, ಮಡಚಿ, ಪಿನ್ನು ಹೊಡೆದು ಹಂಚುವ ಪುಟ್ಟ ಪತ್ರಿಕೆಗಳಿವು. 2003ರಲ್ಲಿ ಆರಂಭವಾದ ಈ ಸಂಗ್ರಹದಲ್ಲಿ ಹೆಣ್ಣುಮಕ್ಕಳ, ಅದರಲ್ಲೂ ಬಿಳಿಯರಲ್ಲದವರ ಬರಹಕ್ಕೆ ಮೊದಲ ಮಣೆ. ಒಂದು ಪ್ರತಿ ಜೋಪಾನವಾಗಿ ಒಳಗೆ, ಇನ್ನೊಂದು ಓದುಗರ ಕೈಗೆ. ಫ್ರಾನ್ಸಿನ ಪ್ವಾತಿಯೆ ನಗರದಲ್ಲಂತೂ 1989ರಿಂದ ಇಂಥವಕ್ಕೆಂದೇ ಒಂದು ಗ್ರಂಥಾಲಯವಿದೆ.

'ಕಾಗುಣಿತ ಬಾರದವರ ಕಸ' ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ತಪ್ಪುಗಳಿವೆ, ನಿಜ. ಕೆಲವು ತೀರಾ ಬಾಲಿಶ. (ದಪ್ಪ ರಟ್ಟಿನ ಪುಸ್ತಕಗಳೆಲ್ಲ ಪ್ರೌಢವೇ?) ಆದರೆ ಗಂಡನಿಂದ ಪೆಟ್ಟು ತಿಂದವಳು ತನ್ನ ಮಾತು ಹೇಳಲು ಪ್ರಕಾಶಕನ ಬಾಗಿಲಲ್ಲಿ ವರ್ಷಗಟ್ಟಲೆ ಕಾಯಬೇಕೆ?

ನಮ್ಮ ರಾಜ್ಯದಲ್ಲಿ ಸಗಟು ಖರೀದಿಯ ಆಯ್ಕೆ ಸಮಿತಿ ಒಪ್ಪಿದ ಪುಸ್ತಕ ಗ್ರಂಥಾಲಯ ಸೇರುತ್ತದೆ. ಉರ್ದು ಶಾಲೆಯ ಹುಡುಗಿಯರು ಬರೆದು ಹೊಲಿದ ಕೈಬರಹದ ಪತ್ರಿಕೆ ರದ್ದಿ ಅಂಗಡಿ ಸೇರುತ್ತದೆ. ಅದನ್ನು ತೂಕಕ್ಕೆ ಹಾಕಿದ ಸಮಾಜವೇ ಮರುದಿನ ವೇದಿಕೆ ಏರಿ, 'ಮುಸ್ಲಿಂ ಹೆಣ್ಣುಮಕ್ಕಳು ಬರೆಯುವುದೇ ಇಲ್ಲವಲ್ಲ' ಎಂದು ಮರುಗುತ್ತದೆ. ಬರೆದದ್ದನ್ನು ಎಲ್ಲಿಟ್ಟಿರಿ, ಸ್ವಾಮಿ?