ಸರ್ಟಿಫಿಕೇಟು ಮೊದಲೋ, ಮಾತು ಮೊದಲೋ?

ಅಂಗವೈಕಲ್ಯದ ಸುತ್ತ ವೃತ್ತಿ ಕಟ್ಟಿಕೊಂಡವರು ಮಂಗಳೂರಿನಲ್ಲಿ ಕಡಿಮೆಯೇನಿಲ್ಲ. ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ ವಾಕ್ ಮತ್ತು ಶ್ರವಣ ಕಾಲೇಜಿದೆ. 1960ರಲ್ಲಿ ಆರಂಭವಾದ ರೋಶನಿ ನಿಲಯದಿಂದ ಆರು ದಶಕಗಳಿಂದ ಸಮಾಜಕಾರ್ಯಕರ್ತರು ಹೊರಬರುತ್ತಿದ್ದಾರೆ. ಬೆಂದೂರಿನಲ್ಲಿ ಸಂತ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದಲ್ಲಿ ಸಾನಿಧ್ಯ, ವಿ.ಟಿ. ರಸ್ತೆಯಲ್ಲಿ ಚೇತನಾ ಇವೆ. ದೇರಳಕಟ್ಟೆ ಕಡೆ ಹೋದರೆ ಮೆಡಿಕಲ್, ಫಿಸಿಯೋಥೆರಪಿ, ನರ್ಸಿಂಗ್ ಕಾಲೇಜುಗಳ ಸಾಲೇ ಸಿಗುತ್ತದೆ. ಇಲ್ಲಿ ಕಲಿತವರು, ಕಲಿಸುವವರು, ಕೆಲಸ ಮಾಡುವವರು ದಿನಬೆಳಗಾದರೆ ಇನ್ನೊಬ್ಬರ ಕಷ್ಟವನ್ನು ಗುರುತಿಸಿ, ಅಳೆದು, ವರದಿ ಬರೆಯುತ್ತಾರೆ. ಅವರಲ್ಲೇ ಒಬ್ಬರು “ಇದು ನನಗೂ ಇದೆ” ಎಂದರೆ ಸಂಸ್ಥೆ ಏನು ಮಾಡಬೇಕು?

ಹೀಗೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಆಕೆ ಮೂವತ್ತರ ಆಸುಪಾಸಿನ ವಾಕ್ ಚಿಕಿತ್ಸಕಿ. ಮಗುವಿನೆದುರು ಕೂತರೆ ಆಕೆಯ ತಾಳ್ಮೆಗೆ ಸಾಟಿಯಿಲ್ಲ, ಬರೆದ ವರದಿಯಲ್ಲಿ ಒಂದು ತಪ್ಪು ಸಿಗುವುದಿಲ್ಲ. ಆದರೆ ಹೊರರೋಗಿ ವಿಭಾಗದ ಗಲಾಟೆ, ಟೋಕನ್ ಕೂಗು, ಮಿಣುಕುವ ಟ್ಯೂಬ್‌ಲೈಟ್ ಇವೆಲ್ಲ ಸೇರಿದರೆ ಮಧ್ಯಾಹ್ನದ ಹೊತ್ತಿಗೆ ತಲೆ ಕೆಲಸ ಮಾಡುವುದಿಲ್ಲ. ಮೀಟಿಂಗಿನಲ್ಲಿ ದಿಢೀರನೆ ಪ್ರಶ್ನೆ ಕೇಳಿದರೆ ಬಾಯಿ ಕಟ್ಟುತ್ತದೆ. ಮಕ್ಕಳ ಆಟಿಸಂ ಲಕ್ಷಣಗಳ ಪಟ್ಟಿಯನ್ನು ಪೋಷಕರಿಗೆ ಓದಿ ಹೇಳುತ್ತಿದ್ದಾಗ, ಒಂದೊಂದು ಸಾಲೂ ತನ್ನ ಬಾಲ್ಯದ್ದೇ ಎಂದು ಆಕೆಗೆ ಹೊಳೆದಿದೆ. ಆಕೆ ಕೇಳುವುದು ಇಷ್ಟೇ: ಮೂಲೆಯ ಕೋಣೆ, ಕಿವಿಗೆ ಹೆಡ್‌ಫೋನ್, ಮೀಟಿಂಗಿನ ವಿಷಯಸೂಚಿ ಹಿಂದಿನ ದಿನವೇ ಬರಹದಲ್ಲಿ. ಮುಖ್ಯಸ್ಥರ ಉತ್ತರ: “ಸರ್ಟಿಫಿಕೇಟು ತನ್ನಿ, ನೋಡೋಣ.”

ಮುಖ್ಯಸ್ಥರು ಕಟುಕರೇನಲ್ಲ. ಆಕೆ ಕೇಳಿದ್ದೂ ಅತಿಯಾಯಿತು ಎನ್ನುವಂತಿಲ್ಲ. ಇಬ್ಬರ ಹಿಂದೆಯೂ ಗಟ್ಟಿ ಕಾರಣಗಳಿವೆ.

ಮೊದಲು ಕಾನೂನು ಎಲ್ಲಿ ನಿಂತಿದೆ ಎಂದು ನೋಡೋಣ. 1995ರ ವಿಕಲಚೇತನರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ ಮತ್ತು ಕಲಿಕಾ ನ್ಯೂನತೆ ಪಟ್ಟಿಗೆ ಸೇರಿದ್ದು ಆಗಲೇ. ಸರ್ಕಾರಿ ನೌಕರಿಯ ಮೀಸಲಾತಿ ಶೇ 3ರಿಂದ ಶೇ 4ಕ್ಕೆ ಏರಿತು. ಅದನ್ನು ಪಡೆಯಲು ಕನಿಷ್ಠ ಶೇ 40ರಷ್ಟು ವೈಕಲ್ಯವಿದೆ ಎಂಬ ಪ್ರಮಾಣಪತ್ರ ಬೇಕು. ಖಾಸಗಿಯವರಿಗೆ ಮೀಸಲಾತಿಯ ಕಡ್ಡಾಯವಿಲ್ಲ. ಆದರೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿಯೊಂದನ್ನು ಬರೆದು ಪ್ರಕಟಿಸಬೇಕು ಎಂದು 21ನೇ ಕಲಮು ಹೇಳುತ್ತದೆ. ಇಪ್ಪತ್ತು ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಏನೇನಿರಬೇಕು ಎಂಬುದನ್ನು 2017ರ ನಿಯಮಗಳು ಪಟ್ಟಿ ಮಾಡಿವೆ: ಯಾವ ಹುದ್ದೆ, ಯಾವ ಸೌಲಭ್ಯ, ತರಬೇತಿ, ವಿಶೇಷ ರಜೆ, ಹೊಣೆ ಹೊರುವ ಒಬ್ಬ ಅಧಿಕಾರಿ. ಆದರೆ ಸೌಲಭ್ಯ ಕೇಳುವವರು ಮೊದಲು ಏನನ್ನು ಸಾಬೀತು ಮಾಡಬೇಕು ಎಂಬ ಪ್ರಶ್ನೆಯನ್ನು ಬಹುಪಾಲು ಸಂಸ್ಥೆಯೇ ತೀರ್ಮಾನಿಸಬೇಕಾಗುತ್ತದೆ. ಜಗಳ ಹುಟ್ಟುವುದು ಅಲ್ಲಿ.

ಸರ್ಟಿಫಿಕೇಟು ಬೇಕು ಎನ್ನುವವರ ಮೊದಲ ವಾದ ಮೀಸಲಾತಿಯದು. ಆ ಶೇ 4ರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ವೈಕಲ್ಯ ಇಷ್ಟಕ್ಕೂ ಸೇರಿ ಸಿಗುವುದು ಒಂದೇ ಒಂದು ಶೇಕಡಾ. ಅಲ್ಲಿ ಒಬ್ಬರು ಸುಳ್ಳು ಹೇಳಿ ಒಳಗೆ ಬಂದರೆ, ನಿಜವಾಗಿ ಅರ್ಹರಾದ ಇನ್ನೊಬ್ಬರು ಹೊರಗುಳಿಯುತ್ತಾರೆ. 2024ರಲ್ಲಿ ಪ್ರೊಬೇಷನರಿ ಐಎಎಸ್ ಅಧಿಕಾರಿಯೊಬ್ಬರ ವೈಕಲ್ಯ ಪ್ರಮಾಣಪತ್ರದ ಬಗ್ಗೆ ದೇಶವೆಲ್ಲ ಚರ್ಚೆಯಾಯಿತು. ಆ ಗದ್ದಲದ ಏಟು ಬಿದ್ದದ್ದು ನಿಜವಾದ ವಿಕಲಚೇತನರಿಗೆ. ಕಣ್ಣಿಗೆ ಕಾಣದ ವೈಕಲ್ಯ ಇರುವವರನ್ನು ಜನ ಇನ್ನಷ್ಟು ಅನುಮಾನದಿಂದ ನೋಡತೊಡಗಿದರು.

ಎರಡನೆಯ ವಾದ ಇನ್ನೂ ಸೂಕ್ಷ್ಮ, ಮತ್ತು ನೌಕರರ ಪರವಾಗಿಯೇ ಇರುವಂಥದ್ದು. ಬಾಯಿಮಾತಿನ ಮೇಲೆ ಸಿಕ್ಕ ಸೌಲಭ್ಯ ಮುಖ್ಯಸ್ಥರ ಒಳ್ಳೆಯತನಕ್ಕೆ ಗಂಟುಬಿದ್ದಿರುತ್ತದೆ. ಆ ಮುಖ್ಯಸ್ಥರು ನಿವೃತ್ತರಾದ ಮರುದಿನ ಹೊಸಬರು ಬಂದು “ಆ ಮೂಲೆಯ ಕೋಣೆ ನಿಮಗೆ ಯಾಕೆ?” ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಕಾಗದ ಇದ್ದರೆ ಹಕ್ಕು, ಇಲ್ಲದಿದ್ದರೆ ಉಪಕಾರ. ವಿಕಲಚೇತನರ ಆಯುಕ್ತರ ಮುಂದೆ ದೂರು ಕೊಡುವುದಾದರೂ ಕೋರ್ಟಿಗೆ ಹೋಗುವುದಾದರೂ ದಾಖಲೆಯೇ ಆಧಾರ.

ಮೂರನೆಯದು ಪೋಷಕರ ಆತಂಕ. ಇಪ್ಪತ್ತೈದು ವರ್ಷದ ಮಗನಿಗೆ ಮಾತಿಲ್ಲ, ಸ್ನಾನಕ್ಕೂ ಜೊತೆಗೆ ಒಬ್ಬರು ಬೇಕು. ಅಂಥ ಮಗನನ್ನು ಸಾಕುತ್ತಿರುವ ತಾಯಿಗೆ, ಎರಡು ಪದವಿ ಪಡೆದು ವೇದಿಕೆಯ ಮೇಲೆ ನಿರರ್ಗಳವಾಗಿ ಮಾತನಾಡುವವರು “ನಾನೂ ಆಟಿಸ್ಟಿಕ್” ಎಂದಾಗ ಕಸಿವಿಸಿಯಾಗುತ್ತದೆ. ನಾಳೆ ಸಮಿತಿಗಳಲ್ಲಿ ಕೂರುವುದು ಅವರೇ, ಸೌಲಭ್ಯದ ರೂಪ ತೀರ್ಮಾನಿಸುವುದೂ ಅವರೇ. ತನ್ನ ಮಗನ ಪರವಾಗಿ ಮಾತನಾಡುವವರು ಯಾರು ಎಂದು ಆಕೆ ಕೇಳುತ್ತಾಳೆ. ಅದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಅನ್ಯಾಯ. ಹಗಲಿನ ಆರೈಕೆ ಕೇಂದ್ರಕ್ಕೆ ಬೇಕಾದ ಹಣವೇ ಬೇರೆ, ಹೆಡ್‌ಫೋನಿಗೆ ಬೇಕಾದ ಹಣವೇ ಬೇರೆ. ಎರಡಕ್ಕೂ ಒಂದೇ ಹೆಸರು ಅಂಟಿದರೆ ಅಗ್ಗದ್ದು ಮಾತ್ರ ಈಡೇರಿ, ದುಬಾರಿಯದ್ದು ಹಾಗೇ ಉಳಿಯುತ್ತದೆ ಎಂಬ ಭಯ ಅವಳದು.

ಕೊನೆಯದು ವೈದ್ಯಕೀಯ. ನಿದ್ದೆಗೇಡು, ಥೈರಾಯಿಡ್ ತೊಂದರೆ, ಆತಂಕ, ಖಿನ್ನತೆ ಇವೆಲ್ಲ ಎಡಿಎಚ್‌ಡಿಯ, ಅಂದರೆ ಗಮನ ನಿಲ್ಲದ ಚಡಪಡಿಕೆಯ ತೊಂದರೆಯ, ವೇಷದಲ್ಲಿ ಬರಬಹುದು. ಮೊಬೈಲಿನಲ್ಲಿ ಎರಡು ರೀಲ್ ನೋಡಿ ತಾವೇ ಹೆಸರಿಟ್ಟುಕೊಂಡವರು, ಗುಣವಾಗಬಹುದಾದ ಕಾಯಿಲೆಗೆ ಚಿಕಿತ್ಸೆ ಪಡೆಯದೆ ಕೂರಬಹುದು. ರೋಗನಿರ್ಣಯವನ್ನೇ ವೃತ್ತಿಯಾಗಿ ಮಾಡಿಕೊಂಡವರು ತಮ್ಮ ಮನೆಯಲ್ಲಿ ಅದನ್ನು ಬೇಡ ಎನ್ನುವುದು ವಿಚಿತ್ರವಾಗಿಯೂ ಕಾಣುತ್ತದೆ.

ಇನ್ನು ಇನ್ನೊಂದು ಮಗ್ಗುಲು. ಸರ್ಟಿಫಿಕೇಟು ತನ್ನಿ ಎನ್ನುವುದು ಸುಲಭ, ತರುವುದು ಹೇಗೆ? ಎಡಿಎಚ್‌ಡಿ ಆ 21ರ ಪಟ್ಟಿಯಲ್ಲೇ ಇಲ್ಲ. ಇಲ್ಲದ ಖಾನೆಗೆ ಯಾವ ವೈದ್ಯಕೀಯ ಮಂಡಳಿಯೂ ಸಹಿ ಹಾಕಲಾರದು. ಆಟಿಸಂ ಪಟ್ಟಿಯಲ್ಲಿದೆ ನಿಜ. ಆದರೆ ನಮ್ಮಲ್ಲಿ ಅಳತೆಗೆ ಬಳಸುವ ನಲವತ್ತು ಅಂಶಗಳ ಭಾರತೀಯ ಮಾಪನ ಹೆಚ್ಚಾಗಿ ಬಳಕೆಯಾಗುವುದು ಮಕ್ಕಳಿಗೆ. ಮೂವತ್ತು ವರ್ಷ ಬೇರೆಯವರನ್ನು ನೋಡಿ ನಗುವುದು, ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದು ಕಲಿತುಕೊಂಡ ಹೆಣ್ಣುಮಗಳೊಬ್ಬಳು ಆ ಅಳತೆಯಲ್ಲಿ ಸಿಕ್ಕದೇ ಹೋಗುವ ಸಾಧ್ಯತೆ ದೊಡ್ಡದು.

ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ವೈದ್ಯರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಸೇರಿ ನೋಡಬೇಕು. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಸರಣಿಯನ್ನು ಬಳಸಬೇಕು. ಮಗುವಿಗೆ ಎಂಟಾದಾಗ ಪರೀಕ್ಷಿಸಿ, ಹದಿನಾಲ್ಕು ಮತ್ತು ಹದಿನೆಂಟಕ್ಕೆ ಮತ್ತೆ ನೋಡಬೇಕು ಎಂಬ ಕ್ರಮವೂ ಇದೆ. ಇವತ್ತು ನಲವತ್ತಾದವರು ಶಾಲೆಯಲ್ಲಿದ್ದಾಗ ಇದು ಯಾವುದೂ ಇರಲಿಲ್ಲ. ಆಗ ಇದ್ದದ್ದು “ದಡ್ಡ”, “ಸೋಮಾರಿ” ಎಂಬ ಬಿರುದು ಮತ್ತು ಬೆತ್ತ. ಜೊತೆಗೆ ಕರಾವಳಿಯದ್ದೇ ಒಂದು ತೊಡಕಿದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಓದುವಾಗ ತಡವರಿಸಿದ್ದು ನ್ಯೂನತೆಯಿಂದಲೋ, ಪರೀಕ್ಷೆಯ ಭಾಷೆ ಮನೆಯದ್ದಲ್ಲದ್ದರಿಂದಲೋ ಎಂದು ಬಿಡಿಸಿ ಹೇಳುವುದು ಪಳಗಿದವರಿಗೂ ಕಷ್ಟ.

ಇದೆಲ್ಲಕ್ಕಿಂತ ಮಂಗಳೂರಿಗೆ ಹೆಚ್ಚು ತಟ್ಟುವುದು ಗುಟ್ಟಿನ ಪ್ರಶ್ನೆ. ಊರು ದೊಡ್ಡದಾದರೂ ಈ ವೃತ್ತಿಲೋಕ ಚಿಕ್ಕದು. ನಮ್ಮ ವಾಕ್ ಚಿಕಿತ್ಸಕಿ ತಪಾಸಣೆಗೆ ಹೋಗುವ ಮನಶ್ಶಾಸ್ತ್ರಜ್ಞರು ಒಂದೋ ಅವಳ ಹಳೆಯ ಅಧ್ಯಾಪಕರು, ಇಲ್ಲವೇ ಸಹಪಾಠಿ, ಇಲ್ಲವೇ ಮುಂದಿನ ವಾರ ಒಂದೇ ಮಗುವಿನ ಬಗ್ಗೆ ಅವಳೊಡನೆ ಚರ್ಚೆಗೆ ಕೂರುವವರು. ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆಯಲ್ಲಿ ಮಂಡಳಿಯ ಮುಂದೆ ಸಾಲಿನಲ್ಲಿ ನಿಂತರೆ, ಅವಳದೇ ರೋಗಿಯ ತಾಯಿ “ಮೇಡಂ, ನೀವಿಲ್ಲಿ?” ಎಂದು ಕೇಳಬಹುದು. ಆಮೇಲೆ ಮದುವೆಯ ಮಾತುಕತೆ, ಬಡ್ತಿ, “ಇವರ ಹತ್ತಿರ ಮಗುವನ್ನು ಬಿಡಬಹುದಾ?” ಎಂಬ ಪಿಸುಮಾತು. ಅಂಥವರಿಗೆ ಬೆಂಗಳೂರಿಗೆ ಹೋಗಿ ಎಂದು ಹೇಳಬಹುದು, ಹೋಗುತ್ತಾರೆ ಕೂಡ. ಹೆಡ್‌ಫೋನ್ ಹಾಕಿಕೊಳ್ಳುವ ಅನುಮತಿಗಾಗಿ ಇಷ್ಟು ದೂರ ಓಡಿಸುವುದು ನ್ಯಾಯವೇ ಎಂಬುದು ಪ್ರಶ್ನೆ.

ಶೇಕಡಾವಾರು ಲೆಕ್ಕ ಕೆಲಸದ ಅಗತ್ಯವನ್ನು ಹೇಳುವುದಿಲ್ಲ ಎಂಬುದನ್ನು ನ್ಯಾಯಾಲಯಗಳೂ ಒಪ್ಪುತ್ತ ಬಂದಿವೆ. ಬರೆಯಹೊರಟರೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಅವರ ಪರವಾಗಿ ಬರೆಯುವ ಸಹಾಯಕರನ್ನು ನಿರಾಕರಿಸಿದಾಗ, ಶೇ 40 ಇಲ್ಲ ಎಂಬ ಒಂದೇ ಕಾರಣಕ್ಕೆ ಹಾಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ತೀರ್ಪಿನಲ್ಲಿ ಹೇಳಿತು. 2025ರ ಫೆಬ್ರುವರಿಯಲ್ಲಿ ಬ್ಯಾಂಕ್ ಪರೀಕ್ಷೆಗಳಿಗೆ ಸಂಬಂಧಿಸಿದ ಅಂಥದ್ದೇ ಪ್ರಕರಣದಲ್ಲಿ ಅದನ್ನು ಮತ್ತೆ ಎತ್ತಿಹಿಡಿಯಿತು. ಕೆನರಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್ ಹುಟ್ಟಿದ ಊರಿನವರಿಗೆ ಈ ಎರಡನೆಯದು ದೂರದ ಸುದ್ದಿಯಲ್ಲ. ಇಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರು ಮನೆಗೊಬ್ಬರು. 2024ರ ಅಕ್ಟೋಬರಿನಲ್ಲಿ ಓಂಕಾರ್ ಗೊಂಡ್ ಪ್ರಕರಣದಲ್ಲಿ ಅದೇ ಕೋರ್ಟ್, ಶೇಕಡಾ ಎಷ್ಟು ಎಂದು ಮಾತ್ರ ನೋಡಿ ವೈದ್ಯಕೀಯ ಸೀಟು ನಿರಾಕರಿಸಬಾರದು, ಅಭ್ಯರ್ಥಿ ಏನು ಮಾಡಬಲ್ಲರು ಎಂದು ನೋಡಬೇಕು ಎಂದಿತು. ಆದರೂ ಈ ತೀರ್ಪುಗಳು ಕಾಗದವನ್ನೇ ಬಿಸಾಡಲಿಲ್ಲ ಎಂಬುದನ್ನು ಗಮನಿಸಬೇಕು. ಮೊದಲ ತೀರ್ಪಿನ ನಂತರ 2022ರಲ್ಲಿ ಬಂದ ಮಾರ್ಗಸೂಚಿಯೂ ಬರೆಯಲು ತೊಂದರೆಯಿದೆ ಎಂಬ ವೈದ್ಯರ ಪತ್ರ ಕೇಳಿತು. ಹೋದದ್ದು ಶೇ 40ರ ಗೆರೆ, ವೈದ್ಯರ ಮಾತು ಉಳಿಯಿತು.

ಸೌಲಭ್ಯ ಕೊಟ್ಟರೆ ಖರ್ಚಾಗುತ್ತದೆ ಎಂಬ ವಾದವೂ ಇದೆ; ಅದಕ್ಕೂ ಎರಡು ಮುಖ. ಅಮೆರಿಕದಲ್ಲಿ ಉದ್ಯೋಗದಾತರಿಗೆ ಸಲಹೆ ಕೊಡುವ ಜಾಬ್ ಅಕಾಮಡೇಶನ್ ನೆಟ್‌ವರ್ಕ್ ವರ್ಷಗಳಿಂದ ಸಮೀಕ್ಷೆ ಮಾಡುತ್ತ ಬಂದಿದೆ. ಕೊಟ್ಟ ಸೌಲಭ್ಯಗಳಲ್ಲಿ ಅರ್ಧದಷ್ಟಕ್ಕೆ ಖರ್ಚೇ ಆಗಲಿಲ್ಲ ಎಂಬುದು ಅಲ್ಲಿ ಮತ್ತೆ ಮತ್ತೆ ಬರುವ ಉತ್ತರ. ಆ ಉತ್ತರ ಕೊಟ್ಟವರು ತಾವಾಗಿ ಸಲಹೆ ಕೇಳಿ ಬಂದವರು ಎಂಬುದನ್ನೂ ನೆನಪಿಡಬೇಕು. ಮತ್ತೆ ಖರ್ಚು ಎಂದರೆ ಹಣವೊಂದೇ ಅಲ್ಲವಲ್ಲ. ಒಬ್ಬ ನರ್ಸಿಗೆ ರಾತ್ರಿ ಪಾಳಿ ಬಿಟ್ಟರೆ ಆ ಪಾಳಿ ಇನ್ನೊಬ್ಬಳ ಹೆಗಲಿಗೆ ಬೀಳುತ್ತದೆ. ಅವಳ ಮನೆಯಲ್ಲೂ ಎಳೆಗೂಸು ಇರಬಹುದು.

ಹಾಗಾದರೆ ತೀರ್ಮಾನ ಯಾವ ಕಡೆ? ಇಬ್ಬರೂ ಎಲ್ಲದಕ್ಕೂ ಒಂದೇ ಪುರಾವೆ ಸಾಕು ಎಂದು ಹೊರಟದ್ದರಿಂದಲೇ ಜಗಳ ಬಗೆಹರಿಯುತ್ತಿಲ್ಲ ಎಂದು ನನಗನ್ನಿಸುತ್ತದೆ. ಕೇಳುತ್ತಿರುವುದು ಏನು, ಕೊಟ್ಟರೆ ಯಾರಿಗೆ ಏನು ಕಡಿಮೆಯಾಗುತ್ತದೆ ಎಂಬುದನ್ನು ನೋಡಿ ಪುರಾವೆಯ ತೂಕ ಗೊತ್ತುಮಾಡಬೇಕು. ಹುದ್ದೆ, ಸೀಟು, ಪಿಂಚಣಿ ಇವು ಎಣಿಸಿಟ್ಟ ವಸ್ತುಗಳು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಅಲ್ಲಿ ಪ್ರಮಾಣಪತ್ರ ಕಟ್ಟುನಿಟ್ಟಾಗಿಯೇ ಇರಲಿ. ಮೀಟಿಂಗಿನ ವಿಷಯಸೂಚಿಯನ್ನು ಮುಂಚೆ ಕಳಿಸಿದರೆ ಯಾರದ್ದೂ ಕಡಿಮೆಯಾಗುವುದಿಲ್ಲ, ಹತ್ತಾರು ಮಂದಿಗೆ ಲಾಭವೇ. ಇಂಥದ್ದಕ್ಕೆ ಕೇಳಿದವರ ಮಾತೇ ಸಾಕು. ಸಾಧ್ಯವಾದರೆ ಯಾರೂ ಕೇಳುವ ಮೊದಲೇ ಎಲ್ಲರಿಗೂ ಕೊಟ್ಟುಬಿಡುವುದು ಮೇಲು. ಪಾಳಿ ಬದಲಾವಣೆಯಂತೆ ಸಹೋದ್ಯೋಗಿಗೆ ಹೊರೆಯಾಗುವ ಕೋರಿಕೆಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರ ಒಂದು ಪತ್ರ ಕೇಳುವುದು ತಪ್ಪಲ್ಲ. ಅದರಲ್ಲಿ ಕಾಯಿಲೆಯ ಹೆಸರು ಬೇಡ, ಏನು ಬೇಕು ಎಂಬುದಷ್ಟೇ ಇರಲಿ. ಆರು ತಿಂಗಳಿಗೊಮ್ಮೆ ಕೂತು ನೋಡುವ ಒಪ್ಪಂದವಿರಲಿ. ಕಾಯಿಲೆಯ ಹೆಸರಿಗಿಂತ ಅದರ ಪರಿಣಾಮವನ್ನು ನೋಡುವುದು ಹೊಸತೇನಲ್ಲ: ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ವೈಕಲ್ಯವನ್ನು ಗುರುತಿಸುವಾಗ ಹೆಚ್ಚಾಗಿ ನೋಡುವುದು ದಿನನಿತ್ಯದ ಬದುಕಿನ ಮೇಲೆ ಆಗುವ ದೀರ್ಘಕಾಲದ ಪರಿಣಾಮವನ್ನು.

ಬಾಯಿಮಾತಿನ ಮೇಲೆ ಕೊಟ್ಟದ್ದನ್ನೂ ಒಂದು ಸಾಲಿನಲ್ಲಿ ಬರೆದು, ಎರಡೂ ಕಡೆಯವರು ಸಹಿ ಹಾಕಿ ಇಟ್ಟುಕೊಳ್ಳಬೇಕು. ಹೊಸ ಮುಖ್ಯಸ್ಥರು ಬಂದರೂ ಅದು ಉಳಿಯಬೇಕು. ಸರ್ಟಿಫಿಕೇಟು ಪಕ್ಷದವರ ಅತ್ಯಂತ ಬಲವಾದ ವಾದಕ್ಕೆ ಇದು ಉತ್ತರ.

ಪೋಷಕರ ಆತಂಕಕ್ಕೆ ಮಾತ್ರ ಇಷ್ಟರಿಂದ ಸಮಾಧಾನವಾಗದು. ಸಂಸ್ಥೆಯ ಸಮಿತಿಯಲ್ಲಿ ಮಾತುಬಲ್ಲ ವೃತ್ತಿನಿರತರಿಗೆ ಒಂದು ಕುರ್ಚಿಯಿದ್ದರೆ, ಮಾತಿಲ್ಲದವರನ್ನು ಸಾಕುತ್ತಿರುವ ಕುಟುಂಬಕ್ಕೂ ಒಂದು ಇರಬೇಕು. ಅವರಿಬ್ಬರ ನಡುವೆ ಭಿನ್ನಾಭಿಪ್ರಾಯ ಬಂದರೆ ಬರಲಿ. ಮೂಲೆಯ ಕೋಣೆ ಸಿಕ್ಕ ವಾಕ್ ಚಿಕಿತ್ಸಕಿ ತನ್ನ ಕೆಲಸದಲ್ಲಿ ಹತ್ತು ವರ್ಷ ಹೆಚ್ಚು ನಿಂತರೆ, ಅದರ ಲಾಭ ಸಿಗುವುದು ಆ ತಾಯಿಯ ಮಗನಂಥವರಿಗೇ. ತರಬೇತಿ ಪಡೆದವರ ಕೊರತೆಯಿರುವ ಕ್ಷೇತ್ರದಲ್ಲಿ, ಕಾಗದವಿಲ್ಲ ಎಂಬ ಕಾರಣಕ್ಕೆ ಅವರನ್ನು ಕಳೆದುಕೊಳ್ಳುವುದು ಯಾವ ಪಕ್ಷಕ್ಕೂ ಗೆಲುವಲ್ಲ.