ಪೆಡಲು ತುಳಿಯುವವರು ಯಾರು?

ಮಳೆ ಹೇಗುಂಟು ನಿಮ್ಮಲ್ಲಿ? ನಮ್ಮ ಉಡುಪಿಯಲ್ಲಿ ನಿನ್ನೆ ಸಂಜೆ ಹೋದ ಕರೆಂಟು ಇವತ್ತು ಬೆಳಿಗ್ಗೆ ದೋಸೆಗೆ ಕಾವಲಿ ಇಡುವಾಗ ಬಂತು. ಅಷ್ಟಕ್ಕೇ ನಾನು ಹತ್ತು ಸಲ ಗೊಣಗಿದೆ. ಕಾರ್ಕಳದ ನನ್ನ ಅಕ್ಕನ ಮನೆಯ ಕಥೆ ಬೇರೆ. ಅದು ಘಟ್ಟದ ಬುಡ, ಸುತ್ತ ಮರ. ಕಳೆದ ವರ್ಷ ಆಟಿ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಇನ್ವರ್ಟರಿನ ಬ್ಯಾಟರಿ ಹಳತಾಗಿ ಒಂದು ಗಂಟೆಯೂ ನಿಲ್ಲುತ್ತಿರಲಿಲ್ಲ. ಅಕ್ಕನ ಅತ್ತೆಗೆ ಎಂಬತ್ತೆರಡು ವರ್ಷ, ಉಬ್ಬಸ ಬೇರೆ. ದಿನಕ್ಕೆ ಎರಡು ಸಲ ನೆಬುಲೈಸರ್ ಹಿಡಿಯಲೇಬೇಕು. ಎರಡನೇ ರಾತ್ರಿ ಆ ಮಳೆಯಲ್ಲಿ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಪೇಟೆಗೆ ಓಡಿದ್ದು ಅಕ್ಕ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಈ ಸಲ ಮಳೆ ಹಿಡಿಯುವ ಮೊದಲೇ ಮನೆಯಲ್ಲಿ ಚರ್ಚೆ. ಹೊಸ ಬ್ಯಾಟರಿ ಅಂದ್ರೆ ಹದಿನೈದು ಸಾವಿರದ ಆಸುಪಾಸು ಬೇಕು. ಅಕ್ಕನ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವವ. ಹಳೇ ಸೈಕಲಿಗೆ ಮೋಟಾರು ಜೋಡಿಸಿ ಕರೆಂಟು ಮಾಡುವ ಸಾಮಾನೊಂದನ್ನು ಮಾಡಿ ಮನೆಗೆ ತಂದಿಟ್ಟಿದ್ದಾನೆ. ಅದನ್ನು ನೋಡಿ ಭಾವ ಹೇಳಿದ್ದು, "ಬ್ಯಾಟರಿಗೆ ಯಾಕೆ ದುಡ್ಡು ಹಾಕುದು? ಇವಳು ದಿನಾ ಒಂದು ಗಂಟೆ ತುಳಿದರೆ ಕರೆಂಟೂ ಆಯ್ತು, ಮೈಯೂ ಇಳೀತದೆ."

ಇವಳು ಅಂದ್ರೆ ನಮ್ಮಕ್ಕ. ಅರವತ್ತರ ಹತ್ತಿರದವಳು, ಎರಡೂ ಮೊಣಕಾಲು ನೋವು. ಎಲ್ಲರೂ ನಗಾಡಿದರಂತೆ, ಅಕ್ಕನೂ ನಗಾಡಿದಳಂತೆ. ನನಗೆ ಮಾತ್ರ ನಗು ಬರಲಿಲ್ಲ.

ಹುಡುಗ ಮಾಡಿದ ಸಾಮಾನು ಚೆಂದ ಉಂಟು, ಅದರಲ್ಲಿ ಎರಡು ಮಾತಿಲ್ಲ. ಹೋದ ವಾರ ಹೋಗಿ ನಾನೇ ತುಳಿದು ನೋಡಿದೆ. ಸೈಕಲಿನ ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಸ್ಟ್ಯಾಂಡು, ಚಕ್ರದಿಂದ ಮೋಟಾರಿಗೆ ಒಂದು ಬೆಲ್ಟು. ಮೋಟಾರಿಗೆ ಕರೆಂಟು ಕೊಟ್ಟರೆ ತಿರುಗ್ತದೆ, ನಾವೇ ತಿರುಗಿಸಿದರೆ ಅದು ಕರೆಂಟು ಕೊಡ್ತದೆ. ಕಾಪುವಿನಲ್ಲಿ ನಮ್ಮ ಅಪ್ಪನ ಸೈಕಲಿಗೆ ಡೈನಮೋ ಇತ್ತಲ್ಲ, ಅದೇ ಲೆಕ್ಕ. ಅಪ್ಪ ಜೋರು ತುಳಿದರೆ ಬೆಳಕು ಜೋರು, ನಿಂತರೆ ಕತ್ತಲೆ. ಇದರಲ್ಲಿ ಬ್ಯಾಟರಿ ಇರುವ ಕಾರಣ ಈಗ ತುಳಿದದ್ದು ರಾತ್ರಿಗೆ ಉಳೀತದೆ. ನಡುವೆ ಡಯೋಡ್ ಅಂತ ಸಣ್ಣದೊಂದು ಸಾಮಾನು ಉಂಟು. ಬಾವಿ ಪಂಪಿನ ಫುಟ್‌ವಾಲ್ವ್ ಇದ್ದ ಹಾಗೆ. ಒಳಗೆ ಹೋದ ಕರೆಂಟು ವಾಪಸ್ ಬಂದು ಮೋಟಾರನ್ನೇ ತಿರುಗಿಸಬಾರದಲ್ಲ, ಅದಕ್ಕೆ.

ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಹಾಕಿ ತುಳಿದೆ, ಆರಾಮ. ಆಮೇಲೆ ಹುಡುಗ ಹಳೇ ಅರವತ್ತು ವಾಟಿನ ಬಲ್ಬು ಹಾಕಿದ. ಅಬ್ಬಾ! ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತಿದ ಹಾಗಾಯ್ತು. ಐದು ನಿಮಿಷದಲ್ಲಿ ಸೆರಗಿನಲ್ಲಿ ಬೆವರು ಒರೆಸಿಕೊಂಡು ಇಳಿದೆ. ಬಲ್ಬು ಎಷ್ಟು ಎಳೀತದೋ ಕಾಲಿಗೆ ಅಷ್ಟೇ ಭಾರ.

ಮನೆಗೆ ಬಂದು ಲೆಕ್ಕದ ಪುಸ್ತಕ ತೆಗೆದೆ. ಪಿಯುಸಿಯಷ್ಟೇ ಓದಿದ್ದರೂ ಹಾಲಿನ ಲೆಕ್ಕ, ಚೀಟಿ ಲೆಕ್ಕ ಮಾಡಿದವರಿಗೆ ಇದು ಕಷ್ಟವಲ್ಲ. ಆರೋಗ್ಯವಂತ ಒಬ್ಬ ಮನುಷ್ಯ ಬಿಡದೆ ತುಳಿದರೆ 75ರಿಂದ 100 ವಾಟ್. ನೂರೇ ಅಂತ ಇಟ್ಟುಕೊಳ್ಳುವ. ಬಿಲ್ಲಿನಲ್ಲಿ ಒಂದು ಯೂನಿಟು ಅಂದರೆ 1,000 ವಾಟು ಒಂದು ಗಂಟೆ. ಅಂದರೆ ಒಂದು ಯೂನಿಟಿಗೆ ಹತ್ತು ಗಂಟೆ ತುಳಿಯಬೇಕು. ಬೆಲ್ಟಿನಲ್ಲಿ, ಮೋಟಾರಿನಲ್ಲಿ, ಬ್ಯಾಟರಿಯಲ್ಲಿ ಸೋರಿ ಹೋಗುವುದು ಬೇರೆ. 750 ವಾಟಿನ ಮಿಕ್ಸಿಯಲ್ಲಿ ಹತ್ತು ನಿಮಿಷ ಚಟ್ನಿ, ಮಸಾಲೆ ಅಂತ ಕಡೆದರೆ ಒಂದೂಕಾಲು ಗಂಟೆ ತುಳಿದದ್ದು ಖಾಲಿ. ಇನ್ವರ್ಟರಿಗೆ ಹಾಕುವ 150 ಎಎಚ್ ಬ್ಯಾಟರಿ ತುಂಬಬೇಕಾದರೆ ಹದಿನೆಂಟು ಗಂಟೆಗಿಂತ ಹೆಚ್ಚು.

ಹೊಟ್ಟೆಯ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಒಂದು ಗಂಟೆ ಹಾಗೆ ತುಳಿಯಲು ಸುಮಾರು ನೂರು ಗ್ರಾಂ ಅಕ್ಕಿಯ ಶಕ್ತಿ ಬೇಕು. ಹತ್ತು ಗಂಟೆಗೆ ಒಂದು ಕಿಲೋ. ಒಂದು ಯೂನಿಟಿಗೆ ಹತ್ತು ರೂಪಾಯಿಯೂ ಇಲ್ಲ, ಒಂದು ಕಿಲೋ ಕುಚ್ಚಲಕ್ಕಿ ಹತ್ತು ರೂಪಾಯಿಗೆ ಎಲ್ಲಿ ಸಿಗ್ತದೆ ಹೇಳಿ? ಪುಕ್ಕಟೆ ಅಂತ ಕಾಣುವುದು ಯಾಕೆಂದರೆ ತುಳಿಯುವವಳಿಗೆ ಸಂಬಳ ಇಲ್ಲ ಅಂತ.

ನಮ್ಮ ಕಾಪು ತಾಲೂಕಿನ ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಉಂಟಲ್ಲ, ಅದು 1,200 ಮೆಗಾವಾಟಿನದ್ದು. ಅಷ್ಟನ್ನು ಕಾಲಿನಲ್ಲಿ ಮಾಡಬೇಕಾದರೆ ಒಂದು ಕೋಟಿ ಇಪ್ಪತ್ತು ಲಕ್ಷ ಜನ ಒಟ್ಟಿಗೆ ತುಳಿಯಬೇಕು. 2011ರ ಜನಗಣತಿಯಲ್ಲಿ ಇಡೀ ಉಡುಪಿ ಜಿಲ್ಲೆಯಲ್ಲಿ ಇದ್ದದ್ದು ಹನ್ನೆರಡು ಲಕ್ಷಕ್ಕೂ ಸ್ವಲ್ಪ ಕಮ್ಮಿ. ಹತ್ತು ಉಡುಪಿ ಜಿಲ್ಲೆ ಬೇಕು ಮಾರಾಯ್ತಿ, ಹಾಲು ಕುಡಿಯುವ ಮಕ್ಕಳೂ ಸೇರಿ!

ಸೋಲಾರ್ ಹಾಕಿ ಅಂತ ಕೆಲವರು ಹೇಳಿದರು. 2024ರಿಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಉಂಟು, ಬಿಲ್ಲಿಗೆ ಅದು ಒಳ್ಳೆಯದೇ. ಆದರೆ ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರು, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ತದೆ. ಲೈನ್‌ಮ್ಯಾನಿಗೆ ಶಾಕ್ ಹೊಡೆಯಬಾರದಲ್ಲ. ಅದೂ ಅಲ್ಲದೆ ಆಟಿಯಲ್ಲಿ ನಮಗೆ ಸೂರ್ಯನ ಮುಖ ಕಾಣುವುದೇ ಅಪರೂಪ.

ಹಾಗಾದರೆ ಪೆಡಲು ದಂಡವಾ? ಅಲ್ಲ. 1929ರ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಆಲ್ಫ್ರೆಡ್ ಟ್ರೇಗರ್ ಎಂಬವರು ಕಾಲಿನಲ್ಲಿ ತುಳಿಯುವ ವಯರ್‌ಲೆಸ್ ಮಾಡಿದರು. ನೂರಾರು ಮೈಲಿಗೆ ಒಂದು ಮನೆ, ಕರೆಂಟಿಲ್ಲ. ಯಾರಿಗಾದರೂ ಹುಷಾರಿಲ್ಲದಾಗ ಮನೆಯವರು ಪೆಡಲು ತುಳಿದು ವಿಮಾನದಲ್ಲಿ ಬರುವ ಡಾಕ್ಟರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಕರೆಂಟು ಬೇಕಾದದ್ದು ಸ್ವಲ್ಪವೇ, ಆದರೆ ಅದರಲ್ಲಿ ಜೀವ ಉಳೀತಿತ್ತು. ಪೆಡಲಿನ ಕರೆಂಟಿನ ಜಾಗ ಅದು. ಫೋನೊಂದು ಚಾರ್ಜ್ ಆಗಲು ಹದಿನೈದಿಪ್ಪತ್ತು ನಿಮಿಷ ತುಳಿದರೆ ಸಾಕು. ಒಂದು ಗಂಟೆ ತುಳಿದರೆ ಒಂದು ಬಲ್ಬು ಐದಾರು ಗಂಟೆ ಉರೀತದೆ. ಮೂರು ದಿನ ಕತ್ತಲೆಯಲ್ಲಿ ಕೂತವರಿಗೆ ಇದು ಸಣ್ಣ ಮಾತಲ್ಲ.

ನನ್ನ ತಕರಾರು ಪೆಡಲಿನ ಮೇಲೆ ಅಲ್ಲ, "ಇವಳು ತುಳಿದರೆ" ಎಂಬ ಮಾತಿನ ಮೇಲೆ. ನಮ್ಮ ಅಮ್ಮ ಕತ್ತಲೆ ಇರುವಾಗಲೇ ಎದ್ದು ಕಡೆಯುವ ಕಲ್ಲಿನ ಎದುರು ಕೂರುತ್ತಿದ್ದರು. ಬಾವಿಯಿಂದ ನೀರು ಎಳೆದದ್ದು ಅವರೇ, ಭತ್ತ ಕುಟ್ಟಿದ್ದೂ ಅವರೇ. ಆ ಮನೆಯ ಮೋಟಾರು ಅಮ್ಮನ ರಟ್ಟೆ. ಅದಕ್ಕೆ ಮೀಟರು ಇರಲಿಲ್ಲ, ಬಿಲ್ಲೂ ಬರಲಿಲ್ಲ. ಕರೆಂಟು ಬಂದು ನಮ್ಮ ಕೈಗೆ ಸ್ವಲ್ಪ ಬಿಡುವು ಸಿಕ್ಕಿತು. ಆ ಕೈಯ ಕೆಲಸ ಈಗ ಕಾಲಿಗೆ ಬರುವುದು ಬೇಡ.

ಮೊನ್ನೆ ಭಾವನಿಗೆ ಫೋನು ಮಾಡಿ ಈ ಲೆಕ್ಕವನ್ನೆಲ್ಲ ಓದಿ ಹೇಳಿದೆ. "ಅತ್ತೆಯ ಉಸಿರು ಅಕ್ಕನ ಮೊಣಕಾಲಿನ ಮೇಲೆ ನಿಲ್ಲುವುದು ಬೇಡ ಭಾವ. ಬ್ಯಾಟರಿ ತನ್ನಿ, ಅದನ್ನು ಅತ್ತೆಯ ನೆಬುಲೈಸರಿಗೆ ಮತ್ತು ಎರಡು ಬಲ್ಬಿಗೆ ಮಾತ್ರ ಇಡಿ, ಟಿವಿಗೆ ಬೇಡ. ಸೈಕಲೂ ಇರಲಿ. ಫೋನು ಯಾರದ್ದೋ ಅವರೇ ತುಳಿಯಲಿ" ಅಂತ. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೂ ಶುಗರ್ ಉಂಟಲ್ಲ, ಡಾಕ್ಟರು ವ್ಯಾಯಾಮ ಹೇಳಿದ್ದಾರೆ, ನಾನೇ ತುಳೀತೇನೆ" ಅಂದರು. ಎಷ್ಟು ದಿನ ಅಂತ ನೋಡಬೇಕು. ಬ್ಯಾಟರಿ ಮಾತ್ರ ನಿನ್ನೆ ಬಂತಂತೆ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಸಾಮಾನು ತಂದರೆ ಬೇಡ ಅನ್ನಬೇಡಿ. ಯಾರು ತುಳಿಯುವುದು ಅಂತ ಮೊದಲು ಕೇಳಿ.