ಆಟದಿಂದ ಅನ್ನ

"ಆಟ ಆಡಿದರೆ ಹೊಟ್ಟೆ ತುಂಬೀತೆ?" ಎಂದು ಮಗನನ್ನು ಕೇಳದ ತಂದೆ ನಮ್ಮ ಸೀಮೆಯಲ್ಲಿ ದೊರೆಯುವುದು ದುರ್ಲಭ. ಇದನ್ನು ಹಳೆಯ ಕಾಲದವರ ಮಾತೆಂದು ನಗುವ ಮಿತ್ರರಿದ್ದಾರೆ. ನನಗೆ ನಗು ಬರುವುದಿಲ್ಲ. ಮನೆಯಲ್ಲಿ ಮೊಟ್ಟಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನ ಬೆನ್ನಿಗೆ ಒಂದು ಸಂಸಾರದ ನಿರೀಕ್ಷೆಯೇ ನಿಂತಿರುತ್ತದೆ. ಅಂಥವರು ಕೇಳುವ ಲೆಕ್ಕಕ್ಕೆ ಲೆಕ್ಕದಲ್ಲಿಯೇ ಉತ್ತರ ಹೇಳಬೇಕು.

ಸಾಮಾನ್ಯವಾಗಿ ನಾವು ಹೇಳುವ ಉತ್ತರ 'ಸ್ಪೋರ್ಟ್ಸ್ ಕೋಟಾ'. ಚೆನ್ನಾಗಿ ಆಡಿದವರಿಗೆ ರೈಲ್ವೆಯಲ್ಲಿಯೋ ಪೋಲೀಸಿನಲ್ಲಿಯೋ ಕೆಲಸ ಸಿಕ್ಕುವುದುಂಟು. ಮಹೇಂದ್ರ ಸಿಂಗ್ ಧೋನಿ ಕೆಲಕಾಲ ಖರಗ್‌ಪುರದಲ್ಲಿ ಟಿಕೆಟ್ ಪರೀಕ್ಷಕರಾಗಿದ್ದುದು ಎಲ್ಲರೂ ಬಲ್ಲ ಸಂಗತಿ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ರೈಫಲ್ ಶೂಟಿಂಗಿನ ಕಂಚು ಗೆದ್ದಾಗ ಸ್ವಪ್ನಿಲ್ ಕುಸಾಲೆಯವರದೂ ಅದೇ ಉದ್ಯೋಗ. ರೈಲ್ವೆಯ ಉಪಕಾರ ದೊಡ್ಡದು, ಒಪ್ಪೋಣ. ಆದರೆ ಇದು ಆಟಕ್ಕೆ ಕೊಟ್ಟ ಬಹುಮಾನವೇ ಹೊರತು ಆಟದ ಕಸುಬಲ್ಲ. ಅದೂ ಮೇಲಿನ ಮಟ್ಟದಲ್ಲಿ ಗೆದ್ದು ಬಂದವರಿಗೆ. ಕಾಲೇಜು ತಂಡದವರೆಗೆ ಬಂದು ನಿಂತವರ ಗತಿಯೇನು?

ಇನ್ನು 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರ ಬೆಲೆ 2 ಕೋಟಿ 60 ಲಕ್ಷ ರೂಪಾಯಿ ದಾಟಿತೆಂಬ ವಾರ್ತೆಗೆ ನಮ್ಮ ಹಾಸ್ಟೆಲಿನಲ್ಲಿ ಎಷ್ಟೋ ಮಂದಿಯ ನಿದ್ರೆ ಕೆಟ್ಟಿತು. ತಂಡಗಳು 12, ತಂಡಕ್ಕೆ ಹೆಚ್ಚೆಂದರೆ 25 ಜನ. ಒಟ್ಟು 300ನ್ನು ಮೀರದು. ದೇಶದ ಕಬಡ್ಡಿ ಅಂಕಣಗಳನ್ನು ಎಣಿಸಿದವರಾರು?

ಆಡುವವನ ಸುತ್ತ ನಿಂತು ದುಡಿಯುವವರು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ತರಬೇತುದಾರರು, ಅಂಪೈರುಗಳು, ಪಿಚ್ಚು ಸಿದ್ಧಪಡಿಸುವವರು, ಈಜುಕೊಳದ ಕಾವಲಿನವರು, ವೀಕ್ಷಕ ವಿವರಣೆ ಹೇಳುವವರು, ಪಂದ್ಯದ ವಿಡಿಯೋ ನೋಡಿ ಎದುರಾಳಿಯ ವರಸೆಗಳನ್ನು ಬರೆದುಕೊಡುವವರು—ಇವರೆಲ್ಲ ಆಟದಿಂದಲೇ ಉಣ್ಣುವವರು. ಪಟ್ಟಣಗಳ ಜಿಮ್ಮುಗಳಲ್ಲಿಯೂ ಕೆಲಸವುಂಟು. ಆದರೆ ಜನರ ಹುರುಪು ಇಳಿದರೆ ಸಂಬಳವೂ ಇಳಿದೀತು. ಕಲಾ ವಿದ್ಯಾರ್ಥಿಗೆ ಇಲ್ಲೇನು ಕೆಲಸ ಎನ್ನುವವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರನ್ನು ನೆನೆಯಬೇಕು. ಅವರು ಕಲಾ ಪದವೀಧರರು, ಶಾಲಾ ಮಾಸ್ತರರು. 1951 ಮತ್ತು 1962ರ ಏಷ್ಯಾ ಕ್ರೀಡಾಕೂಟಗಳಲ್ಲಿ ಭಾರತದ ಫುಟ್‌ಬಾಲ್ ತಂಡಕ್ಕೆ ಬಂದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನ, ಎಲ್ಲವೂ ಅವರ ತರಬೇತಿಯಲ್ಲಿಯೇ. ಅವರು 1963ರಲ್ಲಿ ತೀರಿಕೊಂಡರು. ಆ ಚಿನ್ನ ನಮಗೆ ಮತ್ತೆ ದಕ್ಕಿಲ್ಲ.

ದಾರಿಗಳು ಇಲ್ಲವೆಂದಲ್ಲ. ಪದವಿಯ ತರುವಾಯ ಎರಡು ವರ್ಷದ ಬಿ.ಪಿ.ಎಡ್. ಉಂಟು. 1961ರಲ್ಲಿ ಸ್ಥಾಪನೆಯಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರಾಗುವವರಿಗೆ ಡಿಪ್ಲೊಮಾ ಕೊಡುತ್ತದೆ. ಆದರೆ ಮನೆಯವರು ಇನ್ನೆರಡು ವರ್ಷ ಫೀಸು ಕಟ್ಟಿ ಕಾಯಬೇಕಾದರೆ, ಕೊನೆಗೊಂದು ಹುದ್ದೆಯ ಭರವಸೆಯಾದರೂ ಬೇಡವೆ? ನನ್ನ ತಕರಾರಿರುವುದು ಇಲ್ಲಿಯೇ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿಯೊಂದು ಶಾಲೆಗೂ ಆಟದ ಮೈದಾನವಿರಬೇಕೆಂದು ವಿಧಿಸಿದೆ. ಆದರೆ 6ರಿಂದ 8ನೆಯ ತರಗತಿಗಳಿಗೆ ವ್ಯಾಯಾಮ ಶಿಕ್ಷಣದ ಬೋಧಕರು ಬೇಕೆನ್ನುವಾಗ, ಮಕ್ಕಳ ಸಂಖ್ಯೆ ನೂರು ಮೀರಿರಬೇಕೆಂದೂ, ಬೋಧಕರು 'ಅರೆಕಾಲಿಕ'ರೆಂದೂ ಹೇಳುತ್ತದೆ. ಮೈದಾನ ಪೂರ್ತಿ, ಮೇಷ್ಟ್ರು ಅರ್ಧ! ಇನ್ನು ನೂರು ಮಕ್ಕಳಿಲ್ಲದ ಹಳ್ಳಿಯ ಶಾಲೆಗೆ ಆ ಅರ್ಧ ಮೇಷ್ಟರನ್ನೂ ಕಾಯಿದೆ ಕೊಡುವುದಿಲ್ಲ. ಅಂಥಲ್ಲಿ ಗಣಿತದ ಮೇಷ್ಟರೇ ಸೀಟಿ ಊದಬೇಕು. ಪರೀಕ್ಷೆ ಹತ್ತಿರ ಬಂದಂತೆ ಸೀಟಿ ಮೇಜಿನ ಡ್ರಾಯರು ಸೇರುತ್ತದೆ. ಚಿಕ್ಕ ಶಾಲೆಗಳಿಗೆ ಒಬ್ಬೊಬ್ಬರನ್ನು ಕೊಡುವುದು ಭಾರವಾದರೆ, ನೆರೆಯ ಮೂರು ಶಾಲೆಗಳಿಗೆ ಒಬ್ಬರನ್ನು ಪೂರ್ಣ ಸಂಬಳದ ಮೇಲೆ ನೇಮಿಸಬಹುದಲ್ಲವೆ? ಮಕ್ಕಳಿಗೆ ಆಟ ಸಿಕ್ಕೀತು, ನಮ್ಮಂಥವರಿಗೆ ಅನ್ನ ಸಿಕ್ಕೀತು.

ಸರಕಾರದ ಮಾತು ಹಾಗಿರಲಿ. ನಮ್ಮ ಕಾಲೇಜಿನ ಸೂಚನಾಫಲಕದ ಮೇಲೆ ಕೆ.ಎ.ಎಸ್. ಮತ್ತು ಬ್ಯಾಂಕು ಪರೀಕ್ಷೆಗಳ ಪ್ರಕಟಣೆಗಳು ತಪ್ಪದೆ ಕಾಣುತ್ತವೆ. ಬಿ.ಪಿ.ಎಡ್. ಪ್ರವೇಶದ ಪ್ರಕಟಣೆಯನ್ನು ಮೂರು ವರ್ಷಗಳಲ್ಲಿ ಒಮ್ಮೆಯೂ ಕಾಣೆನು. ಅರ್ಜಿಯ ಕಡೆಯ ದಿನ, ಫೀಸು, ವಿದ್ಯಾರ್ಥಿವೇತನ, ವಸತಿಯ ಅನುಕೂಲ—ಇಷ್ಟನ್ನು ಒಂದು ಹಾಳೆಯ ಮೇಲೆ ಬರೆಸಿ ಅಂಟಿಸಬೇಕೆಂದು ಪ್ರಾಂಶುಪಾಲರಲ್ಲಿ ವಿನಂತಿ. ಪರೀಕ್ಷೆಗೆ ಮುನ್ನವೇ ಅಂಟಿಸಿದರೆ ಈ ವರ್ಷ ಹೊರಹೋಗುವ ನಮಗೂ ಉಪಯೋಗವಾದೀತು.